ಪಂಪಕ್ಕ ಬರೆಯದೆ ಬಿಟ್ಟ ಸಾಲು

ಅಗ್ನಿಶಾಮಕ ಇಲಾಖೆಯ ನದಿ ಠಾಣೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿತ್ತು. ಬಾಯಲ್ಲಿ ಮಾತ್ರ ಎಲ್ಲರಿಗೂ ಪಂಪಕ್ಕ. ಠಾಣೆಯ ಕೆಂಪು ದೋಣಿಯ ಹೊಟ್ಟೆಯೊಳಗೆ ಒಂದು ದೊಡ್ಡ ಪಂಪು ಇತ್ತು. ನದಿಯ ನೀರನ್ನೇ ಎಳೆದುಕೊಂಡು ಮೇಲಿನ ಜಲಫಿರಂಗಿಗೆ ಒದಗಿಸುವುದು ಅದರ ಕೆಲಸ. ಹನ್ನೊಂದು ವರ್ಷ ಅದರ ಪಕ್ಕ ಕೂತವಳು ಅವಳು. ಮೇಲೆ ಬೆಂಕಿ ಎಷ್ಟಿದೆ, ದಡದಲ್ಲಿ ಎಷ್ಟು ಜನ ಸೇರಿದ್ದಾರೆ, ಯಾರು ಯಾರನ್ನು ಎತ್ತಿಕೊಂಡು ಬಂದರು, ಒಂದೂ ಅವಳಿಗೆ ಕಾಣುತ್ತಿರಲಿಲ್ಲ. ಇದ್ದದ್ದು ಕಿವಿ. ಪಂಪಿನ ಸದ್ದು ಒಂದೆಳೆ ದಪ್ಪವಾದರೆ ತಳದ ಜಾಲರಿಗೆ ಪಾಚಿಯೋ ಪ್ಲಾಸ್ಟಿಕ್ಕೋ ಸಿಕ್ಕಿದೆ. ಕೀರಲಾದರೆ ಗಾಳಿ ಹೊಕ್ಕಿದೆ. "ಇವಳ ಕಿವಿ ಇರೋ ತನಕ ನಮಗೆ ಮೀಟರ್ ಯಾಕ್ರಯ್ಯ," ಎನ್ನುತ್ತಿದ್ದರು ಚುಕ್ಕಾಣಿ ಹಿಡಿಯುವ ದೊಡ್ಡಪ್ಪ. ಅವರು ಸಂಬಂಧದಲ್ಲಿ ಯಾರಿಗೂ ದೊಡ್ಡಪ್ಪನಾಗಬೇಕಿರಲಿಲ್ಲ. ಠಾಣೆಯಲ್ಲೆಲ್ಲ ಹಿರಿಯರು, ಹಾಗಾಗಿ ದೊಡ್ಡಪ್ಪ.

ಪಂಪಿನ ನಂಟು ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಊರಿಗೆ ಕುಡಿಯುವ ನೀರು ಬಿಡುವ ಪಂಪ್‌ಹೌಸಿನಲ್ಲಿದ್ದರು. ಶಾಲೆ ಬಿಟ್ಟ ಮೇಲೆ ಅವಳು ಓದಿದ್ದು, ಬರೆದದ್ದು, ತೂಕಡಿಸಿದ್ದು ಎಲ್ಲ ಅಲ್ಲೇ, ಮೋಟಾರಿನ ಪಕ್ಕ. ದೊಡ್ಡವಳಾಗಿ ಇಲಾಖೆಗೆ ಅರ್ಜಿ ಹಾಕಿದಾಗ, ನದಿ ಠಾಣೆಯಲ್ಲಿ ಹೆಂಗಸರಿಗೆ ಬಟ್ಟೆ ಬದಲಿಸಲು ಜಾಗವಿಲ್ಲ ಎಂಬ ಒಂದೇ ಕಾರಣ ಹೇಳಿ ಎರಡು ಸಲ ವಾಪಸು ಕಳಿಸಿದರು. ಮೂರನೆಯ ಸಲ ಹೋಗುವಾಗ ಅವಳು ಚೀಲದಲ್ಲಿ ಒಂದು ಚಿಲಕ, ನಾಲ್ಕು ಸ್ಕ್ರೂ, ಒಂದು ಸ್ಕ್ರೂಡ್ರೈವರ್ ಇಟ್ಟುಕೊಂಡೇ ಹೋದಳು. ಹಗ್ಗ ಮತ್ತು ಲೈಫ್ ಜಾಕೆಟ್ ತುಂಬಿದ್ದ ಕೋಣೆಯ ಬಾಗಿಲಿಗೆ ತಾನೇ ಚಿಲಕ ಕೂರಿಸಿ, "ಜಾಗ ಆಯ್ತು ಸಾರ್," ಎಂದಳು. ಅಂದಿನಿಂದ ಆ ಕೋಣೆ ಅವಳದು. ಗೋಡೆಗೆ ಒಂದು ಮೊಳೆ, ಕೈಯಗಲದ ಒಂದು ಕನ್ನಡಿ, ಕೂರಲು ಹಗ್ಗದ ಸುರುಳಿ.

ಹಾಗೆ ನೋಡಿದರೆ ಠಾಣೆಯ ಮೊದಲ ಹೆಂಗಸು ಅವಳೇ. ಅದನ್ನವಳು ಡಂಗುರ ಹೊಡೆದುಕೊಂಡು ತಿರುಗಿದವಳಲ್ಲ. ಹೊಡೆಯುವ ಅಗತ್ಯವೂ ಬಿದ್ದಿರಲಿಲ್ಲ. ಎರಡನೆಯವಳು ಇದ್ದರೆ ತಾನೇ ಮೊದಲನೆಯವಳು ಯಾರೆಂಬ ಪ್ರಶ್ನೆ?

ಎರಡನೆಯವಳು ಬಂದಳು. ದಾಟುದೋಣಿ ನಡೆಸುವವನ ಮಗಳು, ಇಪ್ಪತ್ನಾಲ್ಕು ವಯಸ್ಸು. ನಡೆಯಲು ಕಲಿಯುವ ಮುಂಚೆ ಈಜಲು ಕಲಿತಿದ್ದಳಂತೆ. ಠಾಣಾಧಿಕಾರಿ ಅವಳನ್ನು ಕರೆತಂದು, "ಪಂಪಕ್ಕ, ನಿಮ್ಮ ಕೋಣೆಯಲ್ಲೇ ಇವಳಿಗೂ ಸ್ವಲ್ಪ ಜಾಗ ಮಾಡಿಕೊಡಿ," ಎಂದರು.

"ಅದಕ್ಕೇನು ಸಾರ್, ಧಾರಾಳವಾಗಿ," ಎಂದಳು ಪಂಪಕ್ಕ.

ಮರುದಿನ ಬೆಳಗ್ಗೆ ಗೋಡೆಯಲ್ಲಿ ಎರಡನೆಯ ಮೊಳೆ ಇತ್ತು. ಹುಡುಗಿ ತಾನೇ ಹೊಡೆದುಕೊಂಡಿದ್ದಳು, ಪಂಪಕ್ಕನ ಮೊಳೆಯಷ್ಟೇ ಎತ್ತರಕ್ಕೆ. ಅದರಲ್ಲಿ ಸಿಟ್ಟಾಗುವಂಥದ್ದು ಏನೂ ಇರಲಿಲ್ಲ. ಆದರೂ ಸಂಜೆವರೆಗೆ ಪಂಪಕ್ಕನ ಕಣ್ಣು ಹೋಗಿ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಒಂದು ಗೇಣು ಕೆಳಗೆ ಹೊಡೆಯಬಹುದಿತ್ತಲ್ಲ?

ಬಂದ ವಾರದೊಳಗೆ ಠಾಣೆಯವರು ಹುಡುಗಿಗೆ ಮಿಂಚುಳ್ಳಿ ಎಂದು ಹೆಸರಿಟ್ಟರು. ಮಿಂಚುಳ್ಳಿ ಹಕ್ಕಿ ನೀರಿಗೆ ಬೀಳುವ ಮುನ್ನ ಯೋಚಿಸುವುದಿಲ್ಲ, ಇವಳೂ ಯೋಚಿಸುತ್ತಿರಲಿಲ್ಲ. ಮೂರನೆಯ ವಾರ ದೋಣಿಗಟ್ಟೆಯ ಮೆಟ್ಟಿಲಲ್ಲಿ ಒಬ್ಬ ಶಾಲಾ ಟೀಚರ್ ಕಾಲು ಜಾರಿ, ಲಾಂಚಿಗೂ ಮೆಟ್ಟಿಲಿಗೂ ನಡುವಿನ ಸಂದಿಯಲ್ಲಿ ಮುಳುಗಿದರು. ಉಳಿದವರು ಲಾಂಚನ್ನು ದೂಡಲು ಹಗ್ಗ ಹುಡುಕುತ್ತಿದ್ದಾಗ ಮಿಂಚುಳ್ಳಿ ಆಚೆ ಬದಿಯಿಂದ ಲಾಂಚಿನ ಅಡಿಗೇ ನುಗ್ಗಿ ಟೀಚರನ್ನು ಹೊರಗೆ ಎಳೆದು ತಂದಳು. ಮರುದಿನ ಪತ್ರಿಕೆಯ ಮುಖಪುಟದಲ್ಲಿ ಒದ್ದೆ ಕೂದಲಿನ ಫೋಟೋ, ಅದರ ಮೇಲೆ ದಪ್ಪಕ್ಷರ: ‘ನದಿ ಠಾಣೆಯ ಮೊದಲ ಮಹಿಳೆಯ ಸಾಹಸ.’

ಪಂಪಕ್ಕನ ಮನೆಯಲ್ಲಿ ಪತ್ರಿಕೆಯನ್ನು ಮೊದಲು ಓದುವವರು ಅತ್ತೆ. ಭೂತಗನ್ನಡಿ ಹಿಡಿದು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದರು. ಆ ದಪ್ಪಕ್ಷರವನ್ನು ಎರಡು ಸಲ ಓದಿ, ಗಾಜನ್ನು ಕೆಳಗಿಟ್ಟು, ಸೊಸೆಯನ್ನು ಮೇಲಿಂದ ಕೆಳಗೆ ನೋಡಿದರು.

"ಮೊದಲ ಮಹಿಳೆ ಅಂತ ಹಾಕಿದ್ದಾರಲ್ಲ. ಹಾಗಾದ್ರೆ ಹನ್ನೊಂದು ವರ್ಷದಿಂದ ಡಬ್ಬಿ ಕಟ್ಟಿಸ್ಕೊಂಡು ನೀನು ಎಲ್ಲಿಗೆ ಹೋಗ್ತಿದ್ದೆ ಕಣಮ್ಮ?"

ಅವಳ ಗಂಡ ದರ್ಜಿ. ಮನೆಯ ಮುಂಗೋಣೆಯೇ ಅವನ ಅಂಗಡಿ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಕಾಲರ್ ಕೂರಿಸುತ್ತಿದ್ದವನಿಗೆ ನಗು ತಡೆಯಲಾಗದೆ ಪಿನ್ನುಗಳೆಲ್ಲ ನೆಲಕ್ಕೆ ಉದುರಿದವು. ಪಂಪಕ್ಕ ಬಗ್ಗಿ ಒಂದೊಂದನ್ನೇ ಹೆಕ್ಕಿಕೊಟ್ಟಳು. ಕೊನೆಯದನ್ನು ಕೊಡುವಾಗ ಬೇಕೆಂದೇ ಅವನ ಅಂಗೈಗೆ ಸ್ವಲ್ಪ ಚುಚ್ಚಿದಳು.

ಠಾಣೆಯಲ್ಲಿ ಮಿಂಚುಳ್ಳಿ ಅವಳಿಗಾಗಿ ಬಾಗಿಲಲ್ಲೇ ಕಾದಿದ್ದಳು. "ಅಕ್ಕ, ದೇವರಾಣೆ ನಾನು ಹಾಗೆ ಹೇಳ್ಲಿಲ್ಲ. ಅವರೇ ಬರ್ಕೊಂಡಿದ್ದಾರೆ. ತಿದ್ದಿ ಹಾಕಿ ಅಂತ ಫೋನ್ ಮಾಡಿದ್ದೀನಿ."

"ಅಯ್ಯೋ, ಇಷ್ಟಕ್ಕೆಲ್ಲ ತಲೆ ಕೆಡಿಸ್ಕೊಳ್ತಾರಾ? ಬಿಡು," ಎಂದಳು ಪಂಪಕ್ಕ. ನಾಲ್ಕು ದಿನದ ಮೇಲೆ ತಿದ್ದುಪಡಿ ಬಂತು, ಐದನೆಯ ಪುಟದ ಮೂಲೆಯಲ್ಲಿ, ಎರಡೇ ಸಾಲು. ಅದರಲ್ಲಿ ಅವಳ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು.

ಹುಡುಗಿ ಜಂಬದವಳಾಗಿದ್ದರೆ ಎಷ್ಟೋ ವಾಸಿ ಎನಿಸುತ್ತಿತ್ತು ಪಂಪಕ್ಕನಿಗೆ. ಬೈದುಕೊಂಡಾದರೂ ಹಗುರಾಗಬಹುದಿತ್ತು. ಆದರೆ ಮಿಂಚುಳ್ಳಿ ಬೆಳಗ್ಗೆ ಬಂದವಳೇ ಇಬ್ಬರ ಬೂಟನ್ನೂ ಒಣಗಲು ಇಡುತ್ತಿದ್ದಳು, ಟೀ ತಂದರೆ ಎರಡು ಲೋಟ ತರುತ್ತಿದ್ದಳು, ಮಾತಿಗೆ ಮುಂಚೆ ಅಕ್ಕ, ಮಾತಿನ ಕೊನೆಗೆ ಅಕ್ಕ. ಸಮವಸ್ತ್ರ ಸಡಿಲವಾಯಿತೆಂದು ದರ್ಜಿಯ ಬಳಿ ಬಂದಳು. ಬಂದ ಅರ್ಧ ಗಂಟೆಯಲ್ಲಿ ಅತ್ತೆಯ ಕಾಲುನೋವಿನ ಕಥೆಯೆಲ್ಲ ಕೇಳಿಸಿಕೊಂಡು, ಅವರ ಕಿಟಕಿಯ ಕೀಲಿಗೆ ಎಣ್ಣೆ ಬಿಟ್ಟು ಹೋದಳು. "ಒಳ್ಳೆ ಹುಡುಗಿ ಕಣೆ," ಎಂದ ಗಂಡ, ತೋಳಿನ ಅಳತೆ ಬರೆದುಕೊಳ್ಳುತ್ತ. ಗಂಡನ ಮೇಲೆ ಅನುಮಾನ ಪಡುವಂತಿದ್ದರೂ ಒಂದು ದಾರಿ ಇತ್ತು. ಜಗಳ ಆಡಿ, ಅತ್ತು, ಮುಗಿಸಬಹುದಿತ್ತು. ಇದು ಆ ಜಾತಿಯ ಸಂಕಟವಲ್ಲ. ಆ ಹುಡುಗಿ ಕೂತಲ್ಲಿ ನಿಂತಲ್ಲಿ ಚೆನ್ನಾಗಿದ್ದಳು, ಅದನ್ನು ಯಾರ ಮುಂದೆ ದೂರು ಹೇಳುವುದು?

"ಲೇ, ಬೆಂಕಿ ಆರಿಸೋ ಇಲಾಖೆಯವಳು ನೀನು, ಹೊಟ್ಟೇಲಿ ಇಷ್ಟು ಕಿಚ್ಚು ಇಟ್ಕೊಂಡು ತಿರುಗ್ತೀಯಲ್ಲೇ," ಎಂದು ಗಂಡ ಒಮ್ಮೆ ತಮಾಷೆ ಮಾಡಿದ. ಅವತ್ತು ಅವಳು ಎರಡು ಹೊತ್ತು ಅವನ ಜೊತೆ ಮಾತಾಡಲಿಲ್ಲ.

ಆ ವರ್ಷ ದೊಡ್ಡಪ್ಪ ನಿವೃತ್ತರಾಗುವವರಿದ್ದರು. ಚುಕ್ಕಾಣಿ ತನಗೇ ಬರುತ್ತದೆಂದು ಪಂಪಕ್ಕ ಮನಸ್ಸಿನಲ್ಲಿ ಯಾವತ್ತೋ ಬರೆದಿಟ್ಟುಕೊಂಡಿದ್ದಳು. ಕರೆಯಿಲ್ಲದ ಬೆಳಗಿನ ಹೊತ್ತು ದೊಡ್ಡಪ್ಪನ ಪಕ್ಕ ನಿಂತು ಕಲಿತಿದ್ದಳು, ಪರೀಕ್ಷೆ ಬರೆದು ಪರವಾನಗಿ ಪಡೆದಿದ್ದಳು. ಹನ್ನೊಂದು ವರ್ಷ ದೋಣಿಯ ಹೊಟ್ಟೆಯಲ್ಲಿದ್ದವಳಿಗೆ ಮೇಲೆ ಬಂದು ನದಿಯನ್ನು ಕಣ್ಣಾರೆ ನೋಡುವ ಆಸೆ. ಆದರೆ ಪರವಾನಗಿ ಮಿಂಚುಳ್ಳಿಯ ಹತ್ತಿರವೂ ಇತ್ತು. ಠಾಣಾಧಿಕಾರಿ ಸಾಹೇಬರು ಇಬ್ಬರಿಗೂ ಒಂದೇ ಪರೀಕ್ಷೆ ಇಟ್ಟರು: ಸೇತುವೆಯ ಎರಡು ಕಂಬಗಳ ನಡುವೆ, ಜಲಫಿರಂಗಿಯನ್ನು ಪೂರ್ತಿ ಬಿಟ್ಟುಕೊಂಡು, ದೋಣಿಯನ್ನು ಹತ್ತು ನಿಮಿಷ ಒಂದೇ ಜಾಗದಲ್ಲಿ ನಿಲ್ಲಿಸಬೇಕು. ಹೇಳಿದಷ್ಟು ಸುಲಭವಲ್ಲ ಅದು. ನೀರು ಮುಂದಕ್ಕೆ ಚಿಮ್ಮುವ ರಭಸಕ್ಕೆ ದೋಣಿ ಹಿಂದಕ್ಕೆ ಒದೆಸಿಕೊಳ್ಳುತ್ತದೆ. ಹೊಳೆಯ ಸೆಳವು ಪಕ್ಕಕ್ಕೆ ಎಳೆಯುತ್ತದೆ. ಎಂಜಿನ್ ಸ್ವಲ್ಪ ಹೆಚ್ಚು ಕೊಟ್ಟರೆ ಕಂಬಕ್ಕೆ ಗುದ್ದುತ್ತದೆ.

ಪಂಪಕ್ಕ ಬೆವರು ಸುರಿಸಿ, ತುಟಿ ಕಚ್ಚಿ, ಆಚೆ ಈಚೆ ಮೂರು ಮಾರು ಓಲಾಡಿಸಿ ಹತ್ತು ನಿಮಿಷ ಮುಗಿಸಿದಳು. ತಪ್ಪೇನೂ ಆಗಲಿಲ್ಲ. ಆಮೇಲೆ ಮಿಂಚುಳ್ಳಿ ಹಿಡಿದಳು. ಪಂಪಕ್ಕ ಕೆಳಗೆ ಪಂಪಿನ ಪಕ್ಕ ಇದ್ದಳು, ಏನೂ ಕಾಣಲಿಲ್ಲ. ಆದರೆ ದೋಣಿಯ ಗೋಡೆಗೆ ನೀರು ಬಡಿಯುವ ಸದ್ದು ಹತ್ತು ನಿಮಿಷವೂ ಒಂದೇ ಸಮ ಇತ್ತು, ದಡಕ್ಕೆ ಕಟ್ಟಿಹಾಕಿದ ದೋಣಿಯ ಹಾಗೆ. ಫಲಿತಾಂಶ ಏನೆಂದು ಅವಳಿಗೆ ಸಾಹೇಬರಿಗಿಂತ ಮೊದಲೇ ಗೊತ್ತಾಯಿತು.

"ಬೇಜಾರು ಮಾಡ್ಕೋಬೇಡ ಮಗಳೇ," ಎಂದರು ದೊಡ್ಡಪ್ಪ. "ನಿನಗೆ ಕಿವಿ ಕೊಟ್ಟಿದ್ದಾನೆ, ಅವಳಿಗೆ ಕೈ ಕೊಟ್ಟಿದ್ದಾನೆ."

"ಬೇಜಾರು ಯಾಕೆ ದೊಡ್ಡಪ್ಪ," ಎಂದು ನಕ್ಕಳು. ನಕ್ಕ ಮುಖ ಮನೆ ತಲುಪುವವರೆಗೂ ಹಾಗೇ ಸೆಟೆದುಕೊಂಡಿತ್ತು.

ಮಿಂಚುಳ್ಳಿ ಚುಕ್ಕಾಣಿ ಹಿಡಿದ ಮೂರನೆಯ ತಿಂಗಳು ವಾರ್ಷಿಕ ತಪಾಸಣೆ ಬಂತು. ಕೇಂದ್ರ ಕಚೇರಿಯಿಂದ ದೊಡ್ಡ ಅಧಿಕಾರಿ ಬಂದು ಕವಾಯತು ನೋಡುತ್ತಾರೆ. ಹೊಳೆಯಲ್ಲಿ ತೇಲಿಬಿಟ್ಟ ಬೊಂಬೆಯನ್ನು ದೋಣಿ ಜಲಫಿರಂಗಿ ಬಿಟ್ಟುಕೊಂಡೇ ಸೇತುವೆಯ ಮೂರನೇ ಕಂಬ ಸುತ್ತಿ ಬಂದು ಎತ್ತಬೇಕು. ಅದರ ಹಿಂದಿನ ವಾರ ಮೇಲಿಂದ ದೊಡ್ಡ ನೀರು ಬಂದು ಇಳಿದಿತ್ತು.

ಠಾಣೆಯ ಕಟ್ಟೆಯಲ್ಲಿ ಒಂದು ಕರಿಹಲಗೆ. ಅಂದಿನ ನೀರಿನ ಮಟ್ಟ, ಸೆಳವು, ಹೊಸ ಅಡೆತಡೆ ಏನಾದರೂ ಇದ್ದರೆ ಅದು. ದಿನವೂ ಬೆಳಗ್ಗೆ ಬರೆಯುವವಳು ಪಂಪಕ್ಕ. ತಪಾಸಣೆಯ ಬೆಳಗ್ಗೆ ಅವಳು ಬಳಪ ಹಿಡಿದು ನಿಂತಿದ್ದಾಗ ಹೂಳೆತ್ತುವ ದೋಣಿ ಕಟ್ಟೆಯ ಮುಂದಿನಿಂದ ಹಾದುಹೋಯಿತು. ಅದರ ಮೇಸ್ತ್ರಿ ಅಲ್ಲಿಂದಲೇ ಕೂಗಿದ:

"ಪಂಪಕ್ಕಾ! ಮೂರನೇ ಕಂಬದ ಕೆಳಗೆ ಎಡಕ್ಕೆ ಹೊಸ ಮರಳು ಕೂತಿದೆ. ಮೊಣಕಾಲು ನೀರಿಲ್ಲ. ಹಲಗೆ ಮೇಲೆ ಹಾಕ್ಬಿಡಿ. ನಾವು ಇವತ್ತೇ ಕೆಳಗಿನ ಊರಿಗೆ ಹೊರಟ್ವಿ!"

ಅವಳು ಕೈ ಎತ್ತಿದಳು. ನೀರಿನ ಮಟ್ಟ ಬರೆದಳು. ಸೆಳವು ಬರೆದಳು. ಮೂರನೆಯ ಸಾಲಿಗೆ ಬಳಪ ಇಟ್ಟಳು. ಒಂದು ಚುಕ್ಕೆ ಬಿತ್ತು. ಆಗ ಒಳಗಿನಿಂದ ಸಾಹೇಬರು ಮಿಂಚುಳ್ಳಿಗೆ ಹೇಳುವುದು ಕೇಳಿಸಿತು: "ಇವತ್ತು ನಮ್ಮ ಠಾಣೆ ಮರ್ಯಾದೆ ನಿನ್ನ ಕೈಲಿದೆಯಮ್ಮ." ಪಂಪಕ್ಕ ಬಳಪವನ್ನು ಹಲಗೆಯ ಅಂಚಿಗೆ ಇಟ್ಟು, ಟೀ ಕುಡಿದು ಬಂದು ಬರೆದರಾಯಿತು ಎಂದುಕೊಂಡಳು. ಟೀ ಕುಡಿದಳು. ಲೋಟ ತೊಳೆದಳು. ಹಲಗೆಯ ಮುಂದಿನಿಂದಲೇ ಹಾದು, ಆ ಚುಕ್ಕೆಯನ್ನು ಬೆರಳಿನಿಂದ ಒರೆಸಿ, ದೋಣಿಯೊಳಗೆ ಇಳಿದಳು. ಮರೆತೆ ಎಂದು ಅವಳು ಆಮೇಲೆ ಯಾವತ್ತೂ ತನಗೇ ಸುಳ್ಳು ಹೇಳಿಕೊಳ್ಳಲಾಗದಂತೆ ಮಾಡಿದ್ದು ಆ ಬೆರಳೇ.

ದೋಣಿ ಮೂರನೇ ಕಂಬ ಸುತ್ತುವಾಗ ಅವಳು ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡಿದ್ದಳು. ಉಳಿದವರು ಹಿಡಿದಿರಲಿಲ್ಲ. ತಳ ಉಜ್ಜಿದ ಸದ್ದು, ಆಮೇಲೆ ಒಂದು ಕುಲುಕು, ಮೇಲೆ ಯಾರೋ ಬಿದ್ದ ಸದ್ದು. ಮರುಗಳಿಗೆ ಪಂಪು ಮರಳು ನುಂಗಿತು. ಕಲ್ಲು ಸೇರಿದ ಅಕ್ಕಿ ಅಗಿದಂಥ ಸದ್ದು. ಅವಳು ಓಡಿ ಸ್ವಿಚ್ಚು ಆರಿಸುವುದರೊಳಗೆ ಆಗುವುದೆಲ್ಲ ಆಗಿಹೋಗಿತ್ತು.

ಮೇಲೆ ಬಂದು ನೋಡಿದರೆ ಮಿಂಚುಳ್ಳಿಯ ಮುಖ ಚುಕ್ಕಾಣಿಗೆ ಬಡಿದು ಮುಂದಿನ ಹಲ್ಲು ಅರ್ಧ ಮುರಿದಿತ್ತು. ಗಲ್ಲದ ಮೇಲೆ ರಕ್ತ. ಅವಳು ಅದನ್ನು ಒರೆಸಿಕೊಳ್ಳದೆ ನೀರನ್ನೇ ನೋಡುತ್ತಿದ್ದಳು. ದಡದಲ್ಲಿ ದೊಡ್ಡ ಅಧಿಕಾರಿ ಕೊಡೆಯ ಕೆಳಗೆ ನಿಂತಿದ್ದರು. ಬೊಂಬೆ ತನ್ನ ಪಾಡಿಗೆ ತೇಲಿಕೊಂಡು ಹೊರಟೇ ಹೋಯಿತು.

ವಿಚಾರಣೆಯಲ್ಲಿ ಸಾಹೇಬರು ಎಲ್ಲರನ್ನೂ ಕೇಳಿದರು: "ಅಲ್ಲಿ ಮರಳು ಕೂತಿದ್ದು ಯಾರಿಗಾದರೂ ಗೊತ್ತಿತ್ತಾ?" ಹೂಳೆತ್ತುವವರು ಊರಲ್ಲಿರಲಿಲ್ಲ. ಪಂಪಕ್ಕ ನೆಲ ನೋಡಿದಳು. ಮಿಂಚುಳ್ಳಿಯೇ ಎದ್ದು ನಿಂತು, ಮುರಿದ ಹಲ್ಲಿನ ಸಂದಿಯಿಂದ ಗಾಳಿ ಹೋಗುವಂತೆ ತೊದಲುತ್ತ ಹೇಳಿದಳು: "ಯಾರಿಗೆ ಯಾಕೆ ಗೊತ್ತಿರಬೇಕು ಸಾರ್? ನೀರು ನೋಡಿದ್ರೆ ನನಗೇ ತಿಳೀಬೇಕಿತ್ತು. ನಾನು ದೋಣಿಯವರ ಮಗಳು."

ಚುಕ್ಕಾಣಿ ಅವಳ ಕೈಯಿಂದ ಹೋಯಿತು. ಪಂಪಕ್ಕನ ಕೈಗೆ ಬಂತು. ಮಿಂಚುಳ್ಳಿಯನ್ನು ಕೆಳಗೆ ಪಂಪಿಗೆ ಹಾಕಿದರು.

ಅದಕ್ಕೂ ಮುಂಚೆ ಒಂಬತ್ತು ದಿನ ಪಂಪಕ್ಕ ಪಂಪನ್ನು ಬಿಚ್ಚಿ ಕೂತಿದ್ದಳು. ಒಳಗೆ ತಿರುಗುವ ಚಕ್ರದ ಒಂದೊಂದು ರೆಕ್ಕೆಯೂ ಗೀರಿಹೋಗಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜುತ್ತ ಅವಳು ಅತ್ತಳು. "ಕೆಲಸದ ಮೇಲೆ ಎಂಥ ಪ್ರೀತಿ ನೋಡಿ," ಎಂದುಕೊಂಡರು ಠಾಣೆಯವರು.

ಚುಕ್ಕಾಣಿ ಬಂದ ಮೇಲೆ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಈಗ ಎಲ್ಲರ ಕನಿಕರ ಮಿಂಚುಳ್ಳಿಯ ಕಡೆಗೆ. "ಊಟ ಮಾಡಿದ್ಯೇನಮ್ಮ? ಹಲ್ಲು ತೋರಿಸಿದ್ಯೇನಮ್ಮ?" ಎಂದು ಗಂಟೆಗೊಬ್ಬರು ಕೇಳುವವರು. ನಿವೃತ್ತರಾದ ದೊಡ್ಡಪ್ಪ ಕೂಡ ಅಷ್ಟು ದೂರದಿಂದ ಬಸ್ಸು ಹತ್ತಿ ಬಂದು ಅವಳ ತಲೆ ನೇವರಿಸಿ ಹೋದರು. ಪಂಪಕ್ಕನ ಹೊಸ ಹುದ್ದೆಗೆ ‘ಒಳ್ಳೆದಾಯ್ತು’ ಎಂದದ್ದು ಅತ್ತೆ ಒಬ್ಬರೇ, ಅದೂ ಊಟದ ನಡುವೆ. ತಾನು ಬೀಳಿಸಿದವಳು ಬಿದ್ದಲ್ಲಿಯೂ ತನಗಿಂತ ಮೇಲೆ ಇದ್ದಾಳಲ್ಲ ಎಂದು ಪಂಪಕ್ಕನಿಗೆ ಒಳಗೊಳಗೇ ಉರಿಯುತ್ತಿತ್ತು. ಸಾಲದ್ದಕ್ಕೆ ಹುಡುಗಿ ಪಂಪನ್ನೂ ಬೇಗ ಕಲಿಯತೊಡಗಿದಳು. "ಅಕ್ಕ, ಈ ಸದ್ದು ಪಾಚಿದಾ?" ಎಂದು ಕೆಳಗಿನಿಂದ ಮೇಲಕ್ಕೆ ಮಾತಾಡುವ ಕೊಳವೆಯಲ್ಲಿ ಕೇಳುವಳು. ಅದು ಪಾಚಿಯದೇ ಆಗಿರುತ್ತಿತ್ತು.

ಹೀಗೆ ಐದು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ, ಊಟದ ಡಬ್ಬಿ ಇನ್ನೂ ತೆರೆದಿತ್ತು, ಗಂಟೆ ಹೊಡೆಯಿತು. ದಾಟುವ ಲಾಂಚೊಂದರ ಎಂಜಿನ್ನಿಗೆ ನಡುಹೊಳೆಯಲ್ಲಿ ಬೆಂಕಿ. ನಲವತ್ತಕ್ಕೂ ಹೆಚ್ಚು ಜನ. ಹಿಂಬದಿ ಉರಿಯುತ್ತಿದೆ, ಜನರೆಲ್ಲ ಮುಂಬದಿಯಲ್ಲಿ ಮುದ್ದೆಯಾಗಿದ್ದಾರೆ, ಲಾಂಚು ದಿಕ್ಕಿಲ್ಲದೆ ಸೇತುವೆಯ ಕಡೆಗೆ ತೇಲುತ್ತಿದೆ.

ಕೆಂಪು ದೋಣಿ ಆರು ನಿಮಿಷದಲ್ಲಿ ಅಲ್ಲಿತ್ತು. ಠಾಣೆಯ ರಬ್ಬರ್ ದೋಣಿ ಮುಂಬದಿಯಿಂದ ಜನರನ್ನು ಇಳಿಸಬೇಕು. ಅಷ್ಟು ಹೊತ್ತು ಕೆಂಪು ದೋಣಿ ಹಿಂಬದಿಗೆ ನೀರು ಹೊಡೆಯುತ್ತ, ತೇಲುವ ಲಾಂಚಿನ ಜೊತೆಗೇ ಅದೇ ಅಂತರದಲ್ಲಿ ಸರಿಯುತ್ತಿರಬೇಕು. ಪಂಪಕ್ಕ ಹತ್ತಿರ ತಂದಳು. ಜಲಫಿರಂಗಿ ತೆರೆದ ಕೂಡಲೇ ದೋಣಿ ಒದೆಸಿಕೊಂಡು ಮೂತಿ ತಿರುಗಿತು; ನೀರೆಲ್ಲ ಹೊಳೆಗೇ ಬಿತ್ತು. ಮತ್ತೆ ತಂದಳು. ಈ ಸಲ ಎಂಜಿನ್ ಹೆಚ್ಚಾಯಿತು. ಲಾಂಚಿಗೆ ಗುದ್ದುವುದು ಒಂದು ಮಾರಿನಲ್ಲಿ ತಪ್ಪಿ, ಹಿಂದೆ ಎಳೆದುಕೊಂಡಳು. ಲಾಂಚಿನಿಂದ ಒಂದು ಹೆಂಗಸಿನ ಕೂಗು ಕೇಳಿಸುತ್ತಿತ್ತು. ನಾಲ್ಕು ನಿಮಿಷ ಹೋಯಿತು. ಹನ್ನೊಂದು ವರ್ಷ ಕೆಳಗೆ ಕೂತಿದ್ದಾಗ ಅವಳಿಗೆ ಬೆಂಕಿ ಹೇಗಿರುತ್ತದೆ ಎಂದೇ ಕಂಡಿರಲಿಲ್ಲ. ಈಗ ಅದರ ಮುಂದೆ ಜನರ ಮುಖಗಳು ಒಂದೊಂದಾಗಿ ಕಾಣುತ್ತಿದ್ದವು.

ಅವಳು ಕೊಳವೆಗೆ ಬಾಯಿ ಇಟ್ಟು ಕಿರುಚಿದಳು: "ಮೇಲೆ ಬಾರೇ! ಬೇಗ ಬಾ! ನನ್ನ ಕೈಲಾಗ್ತಿಲ್ಲ, ನೀನು ಹಿಡಿ!"

ಮಿಂಚುಳ್ಳಿ ಏಣಿ ಹತ್ತಿ ಬಂದಳು. ಬಂದವಳೇ ಚುಕ್ಕಾಣಿ ಹಿಡಿದಳು. ಪಂಪಕ್ಕ ಕೆಳಗೆ ಜಾರಿದಳು. ಪಂಪಿಗೆ ಕೈ ಇಟ್ಟು ನಿಮಿಷ ಆಗಿರಲಿಲ್ಲ, ದೋಣಿಯ ಗೋಡೆಗೆ ಬಡಿಯುವ ನೀರಿನ ಸದ್ದು ಒಂದೇ ಸಮನಾಯಿತು. ಅಂಥ ಹೊತ್ತಿನಲ್ಲೂ ಅವಳ ಎದೆಯಲ್ಲಿ ಒಂದು ಮುಳ್ಳು ಆಡಿತು. ಮರುಕ್ಷಣ ಪಂಪಿನ ದನಿ ದಪ್ಪವಾಯಿತು; ಲಾಂಚಿನಿಂದ ಬಿದ್ದ ಬಟ್ಟೆಯೋ ಚೀಲವೋ ಜಾಲರಿಗೆ ಅಂಟಿತ್ತು. ಅವಳು ನೀರನ್ನು ಹಿಂದುಮುಂದಾಗಿ ತಿರುಗಿಸಿ ಅದನ್ನು ಉಗುಳಿಸಿದಳು, ಮತ್ತೆ ಏರಿಸಿದಳು. ಮೇಲೆ ನೀರಿನ ಧಾರೆ ಕಡಿದದ್ದು ತಿಳಿಯಲೇ ಇಲ್ಲ ಎಂದು ಆಮೇಲೆ ನೋಡಿದವರು ಹೇಳಿದರು. ಸೇತುವೆಗೆ ಇನ್ನೂರು ಗಜ ಇರುವಾಗ ಬೆಂಕಿ ಸತ್ತಿತು. ಎಲ್ಲರೂ ಬದುಕಿದರು. ಒಬ್ಬ ಹೆಂಗಸಿನ ಎರಡೂ ಕೈ ಮಾತ್ರ ಮೊಣಕೈವರೆಗೆ ಸುಟ್ಟಿತ್ತು. ಅವಳು ಕೂತ ಜಾಗಕ್ಕೆ ಬೆಂಕಿ ತಲುಪಿದ್ದು ಆ ನಾಲ್ಕು ನಿಮಿಷದಲ್ಲಿ.

ಮೂರನೆಯ ದಿನ ಪತ್ರಿಕೆಯಲ್ಲಿ ಪಂಪಕ್ಕನ ಫೋಟೋ ಬಂತು, ಮುಖಪುಟದಲ್ಲೇ. ‘ಜೀವ ಉಳಿಸಲು ಚುಕ್ಕಾಣಿಯನ್ನೇ ಬಿಟ್ಟುಕೊಟ್ಟ ಹಿರಿಯಕ್ಕ.’ ಹೆಸರಿನ ಅಕ್ಷರ ಒಂದೂ ತಪ್ಪಿರಲಿಲ್ಲ. ಅತ್ತೆ ಅಕ್ಕಪಕ್ಕದವರನ್ನೆಲ್ಲ ಕರೆದು, ಭೂತಗನ್ನಡಿಯಲ್ಲಿ ಫೋಟೋ ತೋರಿಸಿ, "ನಮ್ಮ ಸೊಸೆ. ಗುಣ ನೋಡಿ," ಎಂದರು. ಪಂಪಕ್ಕ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಇಷ್ಟು ವರ್ಷ ಬಯಸಿದ್ದು ಕೈಗೆ ಬಂದಿತ್ತು, ಮುಟ್ಟಲು ಹೇಸಿಗೆಯಾಗುತ್ತಿತ್ತು.

ಗಂಡ ಒಳಗೆ ಬಂದ. "ಏನಾಯ್ತೇ?"

ಅವಳು ಹೇಳಿದಳು. ಮೇಸ್ತ್ರಿ ಕೂಗಿದ್ದು, ಬಳಪ, ಟೀ, ಒರೆಸಿದ ಚುಕ್ಕೆ, ಎಲ್ಲ. ಅವನು ಕೊರಳಿನ ಅಳತೆಪಟ್ಟಿ ತೆಗೆದು ಸುತ್ತಿಟ್ಟ. ಆಮೇಲೆ ಅಂದ: "ಆ ಹುಡುಗಿ ಹಲ್ಲು ಮುರ್ಕೊಂಡು ಬಂದು ಇಲ್ಲೇ ಕೂತಿದ್ಲಲ್ಲೇ. ನೀನೇ ನೀರು ಕೊಟ್ಟೆಯಲ್ಲೇ."

"ಕೊಟ್ಟೆ."

"ನನ್ನ ಹತ್ರ ಹೇಳಿ ಏನು ಪ್ರಯೋಜನ? ಹೋಗು."

ಠಾಣೆಯ ಕೋಣೆಯಲ್ಲಿ ಮಿಂಚುಳ್ಳಿ ಬೂಟು ಕಟ್ಟುತ್ತಿದ್ದಳು. ಪಂಪಕ್ಕ ಚಿಲಕ ಹಾಕಿ, ನಿಂತುಕೊಂಡೇ ಹೇಳಿದಳು. ಸುತ್ತುಬಳಸಲಿಲ್ಲ, ಅಳಲೂ ಇಲ್ಲ. ಹುಡುಗಿಯ ಕೈ ಬೂಟಿನ ದಾರದ ಮೇಲೆ ಹಾಗೇ ನಿಂತಿತು.

"ಯಾಕೆ?" ಎಂದಳು.

"ಹೊಟ್ಟೆಕಿಚ್ಚು."

"ನನ್ನ ಮೇಲಾ? ನಾನು ನಿಮಗೇನು ಮಾಡಿದ್ದೆ?"

"ಏನೂ ಮಾಡಿರಲಿಲ್ಲ. ಅದಕ್ಕೇ."

ಮಿಂಚುಳ್ಳಿ ಎದ್ದಳು. ಹೊಡೆಯುತ್ತಾಳೆ ಎಂದುಕೊಂಡಳು ಪಂಪಕ್ಕ. ಹೊಡೆದರೆ ಒಳ್ಳೆಯದು ಎಂದೂ ಅಂದುಕೊಂಡಳು. ಹುಡುಗಿ ಕೈ ಎತ್ತಲಿಲ್ಲ. "ಐದು ತಿಂಗಳಿಂದ ನಮ್ಮಪ್ಪ ನನ್ನ ಜೊತೆ ಹೊಳೆ ವಿಷಯ ಒಂದು ಮಾತಾಡಿಲ್ಲ. ಗೊತ್ತಾ ನಿಮಗೆ? ಮರಳು ಗುರುತಿಸೋಕೆ ಬರದವಳು ನನ್ನ ಮಗಳೇ ಅಲ್ಲ ಅಂತ ಕಟ್ಟೆ ಮೇಲೆ ಎಲ್ಲರ ಮುಂದೆ ಅಂದ್ರು. ನಾನೂ ಹೌದು ಅಂದ್ಕೊಂಡೆ." ಮುಖ ಒರೆಸಿಕೊಂಡಳು. "ಸಾಹೇಬರಿಗೆ ನೀವು ಹೇಳ್ತೀರಾ, ನಾನು ಹೇಳ್ಲಾ?"

"ನಾನೇ ಹೇಳ್ತೀನಿ. ನಿಮ್ಮಪ್ಪನಿಗೂ ನಾನೇ ಹೇಳ್ತೀನಿ."

ಹೇಳಿದಳು, ಇಬ್ಬರಿಗೂ. ಸಾಹೇಬರು ಬರೆದುಕೊಡಿ ಎಂದರು, ಬರೆದುಕೊಟ್ಟಳು. ದೋಣಿಯವನು ಮಾತ್ರ ಇವಳ ಮಾತು ಪೂರ್ತಿ ಮುಗಿಯುವ ಮುಂಚೆಯೇ ಎದ್ದು, ಚಪ್ಪಲಿ ಕೂಡ ಮೆಟ್ಟದೆ, ಮಗಳನ್ನು ಹುಡುಕಿಕೊಂಡು ಹೋದ.

ಚುಕ್ಕಾಣಿ ಮಿಂಚುಳ್ಳಿಗೆ ಮರಳಿತು. ಪಂಪಕ್ಕನನ್ನು ಎರಡು ವರ್ಷ ಊರೊಳಗಿನ ಠಾಣೆಗೆ ಹಾಕಿದರು. ಅಲ್ಲಿ ನೀರೆಂದರೆ ಟ್ಯಾಂಕಿನಲ್ಲಿ ಇರುವಷ್ಟೇ. ಆ ಎರಡು ವರ್ಷ ಅವಳು ಸುಟ್ಟ ಕೈಯ ಹೆಂಗಸಿನ ಮನೆಗೆ ತಿಂಗಳಿಗೊಮ್ಮೆ ಹೋಗುತ್ತಿದ್ದಳು. ಬಟ್ಟೆ ಒಗೆದು, ಪಾತ್ರೆ ತೊಳೆದು ಬರುತ್ತಿದ್ದಳು. ಯಾಕೆ ಬರುತ್ತಾಳೆಂದು ಆ ಹೆಂಗಸಿಗೆ ಗೊತ್ತಿತ್ತು. ಅವಳು ಬೇಡ ಎನ್ನಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ.

ನದಿ ಠಾಣೆಗೆ ಹಿಂದಿರುಗಿದಾಗ ಮಿಂಚುಳ್ಳಿ ಅವಳನ್ನು ಅಕ್ಕ ಎನ್ನುವುದನ್ನು ಬಿಟ್ಟಿದ್ದಳು. ಏನೂ ಅನ್ನುತ್ತಿರಲಿಲ್ಲ. ಕೊಳವೆಯಲ್ಲಿ ಮೂರೇ ಮಾತು ಇಳಿದು ಬರುತ್ತಿದ್ದವು: "ಏರಿಸಿ." "ಇಳಿಸಿ." "ಸಾಕು." ಆ ಮೂರು ಮಾತಿನಲ್ಲಿ ಇಬ್ಬರೂ ನಾಲ್ಕು ವರ್ಷ ಕೆಲಸ ಮಾಡಿದರು. ಹದಿನೇಳು ಬೆಂಕಿ, ಎರಡು ನೆರೆ, ನೀರಿನಿಂದ ಎಳೆದವರಿಗೆ ಲೆಕ್ಕವಿಲ್ಲ. ಎಷ್ಟೋ ಸಲ ಮಿಂಚುಳ್ಳಿ ಏರಿಸಿ ಎನ್ನುವ ಮೊದಲೇ ಪಂಪಕ್ಕ ಏರಿಸಿರುತ್ತಿದ್ದಳು. ಪಂಪಿನ ದನಿ ಕೆಟ್ಟದ್ದು ಗೊತ್ತಾಗಿ ಕೆಳಗಿನವಳು ಬಾಯಿ ತೆರೆಯುವ ಮೊದಲೇ ಮೇಲಿನವಳು ದೋಣಿಯನ್ನು ಪಾಚಿಯಿಂದ ಆಚೆ ಸರಿಸಿರುತ್ತಿದ್ದಳು. ದೋಣಿ ಕಟ್ಟೆಗೆ ಬಂದು, ಅದರ ಅಂಚಿಗೆ ಕಟ್ಟಿದ ಟೈರಿಗೆ ತಗಲಿತೋ ಇಲ್ಲವೋ ಎಂಬಂತೆ ನಿಂತಾಗಲೆಲ್ಲ ಪಂಪಕ್ಕನಿಗೆ ಹಳೆಯ ಮುಳ್ಳು ಆಡುತ್ತಿತ್ತು. ಅದು ಹೋಗುವುದಿಲ್ಲ ಎಂದು ಅವಳಿಗೆ ತಿಳಿದಿತ್ತು. ಆಡಲಿ ಎಂದು ಬಿಟ್ಟು, ಜಾಲರಿ ತೊಳೆಯಲು ಹೋಗುತ್ತಿದ್ದಳು.

ಐದನೆಯ ವರ್ಷ ಮಿಂಚುಳ್ಳಿಗೆ ಬಡ್ತಿಯಾಯಿತು. ಹೊಳೆಯ ಕೆಳಹರಿವಿನಲ್ಲಿ ಮೂರು ಗಂಟೆ ದಾರಿಯ ದೊಡ್ಡ ಠಾಣೆ, ಹೊಸ ದೋಣಿ. ಹೊರಡುವ ದಿನ ಅವಳು ಪಂಪಿನ ಕೋಣೆಗೆ ಇಳಿದು ಬಂದು ಏಣಿಯ ಮೆಟ್ಟಿಲ ಮೇಲೆ ಕೂತಳು.

"ಅಲ್ಲಿ ಪಂಪ್ ನೋಡ್ಕೊಳ್ಳೋನು ಹೊಸಬನಂತೆ," ಎಂದಳು. "ನೀವು ಒಂದು ವಾರ ಬಂದು ಹೇಳಿಕೊಡ್ತೀರಾ?"

"ಆಗಲ್ಲ," ಎಂದಳು ಪಂಪಕ್ಕ, ಕೈಯಲ್ಲಿದ್ದ ಸ್ಪ್ಯಾನರಿನಿಂದ ಕಣ್ಣೆತ್ತದೆ.

ಮಿಂಚುಳ್ಳಿ ಎದ್ದು ಏಣಿ ಹತ್ತಿ ಹೋದಳು.

"ಯಾಕೆ ಆಗಲ್ಲ ಅಂದೆ?" ಎಂದು ಗಂಡ ಕೇಳಿದ.

"ನಾನ್ಯಾಕೆ ಹೇಳಿಕೊಡ್ಲಿ? ಅವನು ಕಲಿತುಬಿಟ್ರೆ ಅವಳಿಗೆ ನನ್ನ ನೆನಪಾದ್ರೂ ಯಾಕೆ ಬರುತ್ತೆ?"

ಗಂಡ ಹೊಲಿಗೆಯ ಯಂತ್ರ ನಿಲ್ಲಿಸಿ ಅವಳ ಮುಖ ನೋಡಿದ. ಮತ್ತೆ ತುಳಿಯತೊಡಗಿದ.

ಮುಂದಿನ ತಿಂಗಳು ಅವಳೇ ರಜೆ ಬರೆದುಕೊಟ್ಟು ಮಿಂಚುಳ್ಳಿಯ ಠಾಣೆಗೆ ಬಸ್ಸು ಹತ್ತಿದಳು. ಒಂದು ವಾರವೆಂದು ಹೋದವಳು ಹತ್ತು ದಿನ ಇದ್ದಳು. ಮನೆಗೆ ಬಂದ ಸಂಜೆ ಚೀಲವನ್ನೂ ಇಳಿಸದೆ ಆ ಹೊಸ ಪಂಪಿನವನ ಪುರಾಣ ತೆಗೆದಳು. ಅವನು ಊಟ ಮಾಡುವಾಗ ಕಾಲು ಅಲ್ಲಾಡಿಸುತ್ತಾನೆ. ಕೆಲಸದ ನಡುವೆ ಸಿಳ್ಳೆ ಹಾಕುತ್ತಾನೆ. ಮಿಂಚುಳ್ಳಿ ಟೀ ತಂದುಕೊಟ್ಟರೆ ಲೋಟ ತೊಳೆಯದೆ ಹಾಗೇ ಇಡುತ್ತಾನೆ. ಮಾತಿಗೆ ಮುಂಚೆ ಅವಳನ್ನು ‘ಅಕ್ಕ, ಅಕ್ಕ’ ಎನ್ನುತ್ತಾನೆ, ಕೇಳಿದರೆ ಮೈಯೆಲ್ಲ ಉರಿಯುತ್ತದೆ.

"ಅದಿರ್ಲಿ," ಎಂದ ಗಂಡ, "ಪಂಪ್ ಹೇಗೆ ನೋಡ್ಕೊಳ್ತಾನೆ?"

"ಚೆನ್ನಾಗೇ ನೋಡ್ಕೊಳ್ತಾನೆ, ಹಾಳಾದವನು," ಎಂದಳು ಪಂಪಕ್ಕ.